ಡೆಬಿಯನ್ 12: ರಸ್ಟ್ ಹಾಕಿದ್ದಾಯಿತು, ಕಾರ್ಗೊ ಬಿಲ್ಡ್ ಮಾತ್ರ ಮುಂದಕ್ಕೆ ಹೋಗುತ್ತಿಲ್ಲ

ಅರೆಬಿಂದು

ಡೆಬಿಯನ್ 12, 64 ಬಿಟ್. 4 ಜಿಬಿ ರ‍್ಯಾಮ್, 8 ಥ್ರೆಡ್, ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಇಲ್ಲ. ರಸ್ಟ್ ಭಾಷೆಯ ಕಂಪೈಲರ್ ರಸ್ಟ್‌ಸಿ, ಅದರ ಬಿಲ್ಡ್ ಸಾಧನ ಕಾರ್ಗೊ ಎರಡೂ ಡೆಬಿಯನ್‌ನ ಪ್ಯಾಕೇಜ್ ಸಾಧನ ಆಪ್ಟ್‌ನಿಂದ ಬಂದವು. ಪ್ರಾಜೆಕ್ಟ್ ಬಿಲ್ಡ್ ಮಾಡಲು ಹೋದರೆ, ಈ ಕಾರ್ಗೊ 2024ರ ಎಡಿಷನ್‌ಗಿಂತ (ಎಡಿಷನ್ ಅಂದರೆ ರಸ್ಟ್ ಭಾಷೆಯ ನಿಯಮಗಳ ಒಂದು ಕಂತು) ಹಳೆಯದು, 2015, 2018, 2021 ಮಾತ್ರ ಗೊತ್ತು ಎಂಬ ಎರರ್. ಹಾಗಾಗಿ ರಸ್ಟ್‌ನವರದೇ ಇನ್‌ಸ್ಟಾಲರ್ ಆದ ರಸ್ಟಪ್‌ನ ಸ್ಕ್ರಿಪ್ಟ್ ಓಡಿಸಿ ಸ್ಟೇಬಲ್ ಟೂಲ್‌ಚೈನ್ (ಕಂಪೈಲರ್, ಕಾರ್ಗೊ ಮುಂತಾದವುಗಳ ಕಟ್ಟು) ಇಳಿಸಿದೆ. ಅದು ಸಲೀಸಾಗಿ ಮುಗಿಯಿತು. ಆದರೂ `ರಸ್ಟ್‌ಸಿ --ವರ್ಷನ್` ಕೇಳಿದರೆ ಈಗಲೂ 1.63.0 ಅಂತಲೇ ಬರುತ್ತೆ. ಟರ್ಮಿನಲ್ ಮುಚ್ಚಿ ತೆರೆದರೂ ಅಷ್ಟೇ, ರೀಬೂಟ್ ಮಾಡಿದರೂ ಅಷ್ಟೇ. ಎಲ್ಲಿ ನೋಡಬೇಕು?

ಕಮಾಂಡ್‌ಗಳನ್ನು ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಅನ್ನುವುದು ಎಲ್ಲರಿಗೂ ಗೊತ್ತಿರುವುದೇ.

ಕೊಂಡಿಗಾರ

ನಿಮ್ಮ ಮಷಿನ್‌ನಲ್ಲಿ ಈಗ ಎರಡು ರಸ್ಟ್ ಇವೆ. ಆಪ್ಟ್ ಹಾಕಿದ್ದು /ಯುಎಸ್ಆರ್/ಬಿನ್‌ನಲ್ಲಿ. ರಸ್ಟಪ್ ಹಾಕಿದ್ದು ಹೋಮ್ ಡೈರೆಕ್ಟರಿಯ .ಕಾರ್ಗೊ/ಬಿನ್‌ನಲ್ಲಿ. ಈ ಎರಡನೆಯ ಜಾಗದಲ್ಲಿರುವ ರಸ್ಟ್‌ಸಿ ನಿಜವಾದ ಕಂಪೈಲರ್ ಅಲ್ಲ, ಒಂದು ಪುಟ್ಟ ಪ್ರಾಕ್ಸಿ. ಅಸಲಿ ಕಂಪೈಲರ್ .ರಸ್ಟಪ್/ಟೂಲ್‌ಚೈನ್ಸ್ ಒಳಗಿರುತ್ತೆ. ಯಾವ ಡೈರೆಕ್ಟರಿಯಲ್ಲಿ ನಿಂತಿದ್ದೀರಿ, ಯಾವ ಟೂಲ್‌ಚೈನ್ ಬೇಕು ಅಂತ ನೋಡಿ ಪ್ರಾಕ್ಸಿ ಅಲ್ಲಿಗೆ ಕಳಿಸುತ್ತೆ.

ಇದನ್ನು ಓಡಿಸಿ, ಬಂದದ್ದನ್ನು ಪೂರ್ತಿ ಇಲ್ಲಿ ಹಾಕಿ:

`ಟೈಪ್ -ಎ ರಸ್ಟ್‌ಸಿ`
`ಎಕೋ $ಪಾತ್`
`ಗ್ರೆಪ್ -ಎನ್ ಕಾರ್ಗೊ ~/.ಬ್ಯಾಶ್‌ಆರ್‌ಸಿ ~/.ಪ್ರೊಫೈಲ್`

`ವಿಚ್` ಬದಲು `ಟೈಪ್ -ಎ` ಹೇಳುತ್ತಿರುವುದಕ್ಕೆ ಕಾರಣ ಇದೆ. ವಿಚ್ ಬರೀ ಪಾತ್ (ಕಮಾಂಡ್‌ಗಳನ್ನು ಹುಡುಕುವ ಡೈರೆಕ್ಟರಿಗಳ ಪಟ್ಟಿ) ನೋಡುತ್ತೆ. ಏಲಿಯಾಸ್ ಅದಕ್ಕೆ ಕಾಣುವುದಿಲ್ಲ.

ಇನ್ನೊಂದು. /ಯುಎಸ್ಆರ್/ಬಿನ್‌ನಲ್ಲಿ ರಸ್ಟ್ ಇರುವಾಗ ರಸ್ಟಪ್ ಸಲೀಸಾಗಿ ಮುಗಿಯುವ ಪೈಕಿ ಅಲ್ಲ. ಈಗಾಗಲೇ ಒಂದು ರಸ್ಟ್ ಇದೆ, ಅದನ್ನು ತೆಗೆಯಿರಿ ಅಂತ ಎಚ್ಚರಿಸಿ ನಿಲ್ಲುತ್ತೆ. ವೈ ಒತ್ತಿ ಮುಂದೆ ಹೋಗಿರಬೇಕು.

ಅರೆಬಿಂದು

ಹೌದು, ವೈ ಒತ್ತಿದ್ದೆ. `ಟೈಪ್ -ಎ` ಎರಡು ಸಾಲು ಕೊಟ್ಟಿತು: ಮೊದಲು /ಯುಎಸ್ಆರ್/ಬಿನ್/ರಸ್ಟ್‌ಸಿ, ಆಮೇಲೆ ಹೋಮ್‌ನ .ಕಾರ್ಗೊ/ಬಿನ್/ರಸ್ಟ್‌ಸಿ. ಬ್ಯಾಶ್‌ಆರ್‌ಸಿಯಲ್ಲಿ ಎರಡು ಕಡೆ ಕಾರ್ಗೊ ಇದೆ:

`ಎಕ್ಸ್‌ಪೋರ್ಟ್ ಪಾತ್=$ಪಾತ್:$ಹೋಮ್/.ಕಾರ್ಗೊ/ಬಿನ್`
`. "$ಹೋಮ್/.ಕಾರ್ಗೊ/ಎನ್ವ್"`

ಕೊಂಡಿಗಾರ

ಸಿಕ್ಕಿತು. ಮೊದಲನೆಯ ಸಾಲು ಕೈಯಿಂದ ಸೇರಿಸಿದ್ದು, ಎರಡನೆಯದು ರಸ್ಟಪ್ ಸೇರಿಸಿದ್ದು. ಎನ್ವ್ ಫೈಲ್‌ನ ಕೆಲಸ .ಕಾರ್ಗೊ/ಬಿನ್ ಅನ್ನು ಪಾತ್‌ನ ತಲೆಗೆ ಸೇರಿಸುವುದು. ಆದರೆ ಸೇರಿಸುವ ಮುಂಚೆ ಅದು ಪಾತ್‌ನಲ್ಲಿ ಎಲ್ಲಾದರೂ ಆಗಲೇ ಇದೆಯೇ ಎಂದು ನೋಡುತ್ತೆ. ಇದ್ದರೆ ಸುಮ್ಮನೆ ಬಿಟ್ಟುಬಿಡುತ್ತೆ. ನಿಮ್ಮ ಮೊದಲ ಸಾಲು ಅದನ್ನು ಬಾಲಕ್ಕೆ ಕಟ್ಟಿದೆ, ಎರಡನೆಯದು "ಇದೆಯಲ್ಲ" ಅಂತ ಕೈಬಿಟ್ಟಿದೆ. ಹೀಗಾಗಿ /ಯುಎಸ್ಆರ್/ಬಿನ್ ಯಾವಾಗಲೂ ಮುಂದೆ.

ಮೊದಲ ಸಾಲು ಅಳಿಸಿ. ಆಪ್ಟ್‌ನ ರಸ್ಟ್ ಬೇರೆ ಯಾವುದಕ್ಕೂ ಬೇಡವಾದರೆ ಅದನ್ನೂ ತೆಗೆಯಿರಿ:

`ಸುಡೊ ಆಪ್ಟ್ ರಿಮೂವ್ ರಸ್ಟ್‌ಸಿ ಕಾರ್ಗೊ`

ಅದೇ ಟರ್ಮಿನಲ್‌ನಲ್ಲಿ ಮುಂದುವರಿಯುವುದಾದರೆ `ಹ್ಯಾಶ್ -ಆರ್` ಕೊಡಿ. ಬ್ಯಾಶ್ ಒಮ್ಮೆ ಹುಡುಕಿದ ಕಮಾಂಡ್‌ನ ಜಾಗವನ್ನು ನೆನಪಿಟ್ಟುಕೊಳ್ಳುತ್ತೆ. ಇಲ್ಲದಿದ್ದರೆ ಹೊಸದು ಪಕ್ಕದಲ್ಲೇ ಇದ್ದರೂ "/ಯುಎಸ್ಆರ್/ಬಿನ್/ರಸ್ಟ್‌ಸಿ ಸಿಗುತ್ತಿಲ್ಲ" ಅಂತ ಹಟ ಹಿಡಿಯುತ್ತೆ.

ಹಳೇಕರ್ನಲ್

ಆಪ್ಟ್‌ನ ರಸ್ಟ್ ಕೆಟ್ಟದ್ದು ಅನ್ನುವ ಅರ್ಥ ಬರದಿರಲಿ. ಡೆಬಿಯನ್ 12ರದು 1.63, ಎಡಿಷನ್ 2024 ಬಂದದ್ದು 2025ರ ಫೆಬ್ರವರಿಯ 1.85ರಲ್ಲಿ. ಇಷ್ಟೇ ತೊಡಕು. ಡೆಬಿಯನ್ 13ರಲ್ಲಿ 1.85 ಇದೆ, ರಸ್ಟಪ್ ಕೂಡ ಆಪ್ಟ್‌ನಲ್ಲೇ ಸಿಗುತ್ತೆ. ಡಿಸ್ಟ್ರೊದ ಪ್ಯಾಕೇಜ್ ಕಟ್ಟುವವರಿಗೆ ಆಪ್ಟ್‌ನದೇ ಸರಿ. ಕ್ರೇಟ್ಸ್.ಐಒ ಇಂದ ಹೊಸ ಹೊಸ ಕ್ರೇಟ್ (ರಸ್ಟ್ ಲೈಬ್ರರಿ) ಎಳೆಯುವವರಿಗೆ ರಸ್ಟಪ್.

ಎಡಿಷನ್ ಸಾಲನ್ನು 2021 ಅಂತ ತಿದ್ದಿ ಹಳೆಯದರಲ್ಲೇ ದೂಡೋಣ ಎನ್ನುವವರಿಗೂ ಒಂದು ಮಾತು. ಅದು ದಾಟಿದರೆ ಕಾರ್ಗೊ.ಲಾಕ್ (ಕ್ರೇಟ್‌ಗಳ ನಿಖರ ಆವೃತ್ತಿ ಬರೆದಿಡುವ ಫೈಲ್) ಅಡ್ಡ ಬರುತ್ತೆ. ಕಾರ್ಗೊ 1.83ರಿಂದ ಹೊಸ ಲಾಕ್ ಫೈಲ್‌ಗಳು 4ನೇ ಆವೃತ್ತಿಯವು, 1.78ಕ್ಕಿಂತ ಹಿಂದಿನ ಕಾರ್ಗೊಗೆ ಅದು ಓದಲು ಬರುವುದಿಲ್ಲ. ಅದನ್ನೂ ಅಳಿಸಿದರೆ ಕ್ರೇಟ್‌ಗಳೇ ಹೊಸ ಕಂಪೈಲರ್ ಕೇಳುತ್ತವೆ. ಜೊತೆಗೆ 1.70ಕ್ಕೂ ಮುಂಚಿನ ಕಾರ್ಗೊ ಇಡೀ ಇಂಡೆಕ್ಸನ್ನು ಗಿಟ್ ಮೂಲಕ ಇಳಿಸುತ್ತೆ. "ಅಪ್‌ಡೇಟಿಂಗ್ ಕ್ರೇಟ್ಸ್.ಐಒ ಇಂಡೆಕ್ಸ್" ಸಾಲಿನಲ್ಲೇ ಗಂಟೆಗಟ್ಟಲೆ ನಿಂತಿದೆ ಎಂಬ ದೂರುಗಳಲ್ಲಿ ಬಹುಪಾಲು ಇದೇ.

ಅರೆಬಿಂದು

ಸಾಲು ಅಳಿಸಿದೆ, ಆಪ್ಟ್ ರಿಮೂವ್ ಮಾಡಿದೆ, ಅದು ಸೂಚಿಸಿದ ಆಟೊರಿಮೂವ್ ಕೂಡ ಕೊಟ್ಟೆ. ಈಗ ರಸ್ಟ್‌ಸಿ ಹೊಸ ಆವೃತ್ತಿ ತೋರಿಸುತ್ತಿದೆ. ಆದರೆ ಬರೀ ಹಲೋ ವರ್ಲ್ಡ್ ಕೂಡ ಬಿಲ್ಡ್ ಆಗುತ್ತಿಲ್ಲ: "ಎರರ್: ಲಿಂಕರ್ ಸಿಸಿ ನಾಟ್ ಫೌಂಡ್". ಮೊದಲು ಈ ಎರರ್ ಇರಲಿಲ್ಲ. ರಸ್ಟಪ್ ಅರೆಬರೆ ಇಳಿದಿದೆಯೇ?

ಕೊಂಡಿಗಾರ

ರಸ್ಟಪ್ ಸರಿಯಾಗಿಯೇ ಇದೆ. ಹೋದದ್ದು ಜಿಸಿಸಿ ಎಂಬ ಸಿ ಕಂಪೈಲರ್, ಸಿಸಿ ಅನ್ನುವ ಹೆಸರೂ ಅದರದೇ. ಡೆಬಿಯನ್‌ನ ರಸ್ಟ್‌ಸಿ ಪ್ಯಾಕೇಜ್ ಜಿಸಿಸಿಯನ್ನು ಅವಲಂಬನೆಯಾಗಿ ಎಳೆದು ತಂದಿತ್ತು. ರಸ್ಟ್‌ಸಿ ಹೋದ ಮೇಲೆ ಅದನ್ನು ಕೇಳುವವರು ಯಾರೂ ಇಲ್ಲವೆಂದು ಆಟೊರಿಮೂವ್ ಅದನ್ನೂ ಗುಡಿಸಿಹಾಕಿದೆ.

ರಸ್ಟ್‌ಗೆ ಸಿ ಕಂಪೈಲರ್ ಯಾಕೆ ಅಂದರೆ: ರಸ್ಟ್‌ಸಿ ಎಲ್‌ಎಲ್‌ವಿಎಂ ಹಿಡಿದು ನಿಮ್ಮ ಕೋಡನ್ನು ಆಬ್ಜೆಕ್ಟ್ ಫೈಲ್‌ಗಳವರೆಗೆ ತರುತ್ತೆ. ಅವನ್ನು ಓಡುವ ಪ್ರೋಗ್ರಾಂ ಆಗಿ ಹೆಣೆಯುವುದು ಲಿಂಕರ್. ಲಿಂಕರ್ ಅನ್ನು ನೇರ ಕರೆಯುವ ಬದಲು ರಸ್ಟ್‌ಸಿ `ಸಿಸಿ` ಮೂಲಕ ಕರೆಯುತ್ತೆ. ಈ ಡಿಸ್ಟ್ರೊದಲ್ಲಿ ಲಿಬ್‌ಸಿ (ಸಿ ಭಾಷೆಯ ಮೂಲ ಲೈಬ್ರರಿ) ಎಲ್ಲಿದೆ, ಪ್ರೋಗ್ರಾಂ ಶುರುವಾಗುವಾಗ ಬೇಕಾದ ಎಸ್‌ಸಿಆರ್‌ಟಿ1.ಒ, ಸಿಆರ್‌ಟಿಐ.ಒ ಮುಂತಾದ ಚೂರುಗಳು ಎಲ್ಲಿವೆ ಅನ್ನುವ ವಿಳಾಸಗಳೆಲ್ಲ ಜಿಸಿಸಿಗೆ ಕಂಠಪಾಠ. 1.90ರಿಂದ ಎಕ್ಸ್86-64 ಲಿನಕ್ಸ್‌ನಲ್ಲಿ ರಸ್ಟ್ ತನ್ನದೇ ಎಲ್‌ಎಲ್‌ಡಿ ಲಿಂಕರ್ ಬಳಸುತ್ತಿದೆ, ಆದರೂ ಅದನ್ನು ಕರೆಯುವುದು ಸಿಸಿ ಮೂಲಕವೇ. ಎಲ್‌ಎಲ್‌ಡಿ ಬಂತು, ಇನ್ನು ಜಿಸಿಸಿ ಬೇಡ ಅಂದುಕೊಳ್ಳುವ ಹಾಗಿಲ್ಲ.

`ಸುಡೊ ಆಪ್ಟ್ ಇನ್‌ಸ್ಟಾಲ್ ಬಿಲ್ಡ್-ಎಸೆನ್ಷಿಯಲ್ ಪಿಕೆಜಿ-ಕಾನ್ಫಿಗ್`

ಹಳೇಕರ್ನಲ್

ಬಿಲ್ಡ್-ಎಸೆನ್ಷಿಯಲ್ ಜಿ++ ಎಲ್ಲ ಹೊತ್ತು ತರುತ್ತೆ. ಬರೀ ಲಿಂಕ್ ಮಾಡಲು ಜಿಸಿಸಿ ಒಂದೇ ಸಾಕು.

ಕೊಂಡಿಗಾರ

ಸಾಕು, ಆದರೆ ಒಂದು ಷರತ್ತು. ಜಾಗ ಉಳಿಸಲು `--ನೋ-ಇನ್‌ಸ್ಟಾಲ್-ರೆಕಮೆಂಡ್ಸ್` ಹಾಕಿ ಜಿಸಿಸಿ ಇಳಿಸಿದರೆ ಲಿಬ್‌ಸಿ6-ಡೆವ್ ಬರುವುದಿಲ್ಲ. ಡೆಬಿಯನ್‌ನಲ್ಲಿ ಅದು ಜಿಸಿಸಿಗೆ ಶಿಫಾರಸು ಅಷ್ಟೇ, ಅವಲಂಬನೆ ಅಲ್ಲ. ಆಗ ಸಿಸಿ ಸಿಗುತ್ತೆ, ಎರರ್ ಬದಲಾಗುತ್ತೆ: "ಕೆನಾಟ್ ಫೈಂಡ್ ಎಸ್‌ಸಿಆರ್‌ಟಿ1.ಒ". ಕಂಟೈನರ್ ಇಮೇಜ್ ಕಟ್ಟುವವರು ಇದರಲ್ಲಿ ಪದೇ ಪದೇ ಎಡವುತ್ತಾರೆ. ಹಾಗೆ ಮಾಡಲೇಬೇಕಾದರೆ ಎರಡನ್ನೂ ಹೆಸರಿಟ್ಟು ಬರೆಯಿರಿ: `ಜಿಸಿಸಿ ಲಿಬ್‌ಸಿ6-ಡೆವ್`.

ಕ್ರೇಟ್‌ಗಳಲ್ಲಿ ಸಿ++ ಕೋಡ್ ಇರುವುದು ಅಪರೂಪವೇನಲ್ಲ, ಅದಕ್ಕೇ ಬಿಲ್ಡ್-ಎಸೆನ್ಷಿಯಲ್ ಅಂದದ್ದು.

ಶೆಲ್‌ಬಾಗಿಲು

ಬೇರೆ ಡಿಸ್ಟ್ರೊದವರು ಓದುತ್ತಿದ್ದರೆ: ಫೆಡೋರಾದಲ್ಲಿ `ಡಿಎನ್‌ಎಫ್ ಇನ್‌ಸ್ಟಾಲ್ ಜಿಸಿಸಿ`, ಆರ್ಚ್‌ನಲ್ಲಿ `ಬೇಸ್-ಡೆವೆಲ್`, ಆಲ್ಪೈನ್‌ನಲ್ಲಿ `ಬಿಲ್ಡ್-ಬೇಸ್`.

ಅರೆಬಿಂದು

ಬಿಲ್ಡ್-ಎಸೆನ್ಷಿಯಲ್ ಹಾಕಿದೆ, ಹಲೋ ವರ್ಲ್ಡ್ ಓಡಿತು. ಪ್ರಾಜೆಕ್ಟ್‌ಗೆ ಬಂದರೆ ಮೊದಲು ಓಪನ್‌ಎಸ್‌ಎಸ್‌ಎಲ್-ಸಿಸ್ ಅನ್ನುವ ಕ್ರೇಟ್ ಬಿತ್ತು, "ಓಪನ್‌ಎಸ್‌ಎಸ್‌ಎಲ್ ಇನ್‌ಸ್ಟಾಲೇಷನ್‌ನ ಡೈರೆಕ್ಟರಿ ಸಿಗಲಿಲ್ಲ" ಅಂತ. ಮಷಿನ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಖಂಡಿತ ಇದೆ, ಕಮಾಂಡ್ ಓಡುತ್ತೆ. ಅದನ್ನು ಪಕ್ಕಕ್ಕಿಟ್ಟು ನೋಡಿದರೆ ಕೊನೆಯಲ್ಲಿ ಎಸ್‌ಕ್ಯೂಲೈಟ್ ವಿಷಯಕ್ಕೆ ಇನ್ನೊಂದು: "ಕೆನಾಟ್ ಫೈಂಡ್ -ಎಲ್ ಎಸ್‌ಕ್ಯೂಲೈಟ್3". ಲಿಬ್‌ಎಸ್‌ಕ್ಯೂಲೈಟ್3-0 ಪ್ಯಾಕೇಜ್ ಕೂಡ ಇದೆ!

ಕೊಂಡಿಗಾರ

ಎರಡಕ್ಕೂ ಮೂಲ ಒಂದೇ. ಡೆಬಿಯನ್ ಪ್ರತಿ ಲೈಬ್ರರಿಯನ್ನೂ ಎರಡು ಭಾಗ ಮಾಡಿ ಕೊಡುತ್ತೆ, ಓಡಿಸುವವರಿಗೆ ಒಂದು, ಕಟ್ಟುವವರಿಗೆ ಇನ್ನೊಂದು. ನಿಮ್ಮಲ್ಲಿರುವುದು ಓಡಿಸುವ ಭಾಗ, ಅದರಲ್ಲಿರುವ ಫೈಲ್ ಲಿಬ್‌ಎಸ್‌ಕ್ಯೂಲೈಟ್3.ಎಸ್‌ಒ.0. ಲಿಂಕರ್‌ಗೆ -ಎಲ್ ಕೊಟ್ಟಾಗ ಅದು ಹುಡುಕುವುದು ಕೊನೆಯ ಸೊನ್ನೆ ಇಲ್ಲದ ಲಿಬ್‌ಎಸ್‌ಕ್ಯೂಲೈಟ್3.ಎಸ್‌ಒ. ಅದೊಂದು ಸಿಮ್‌ಲಿಂಕ್. ಹೆಡರ್ ಫೈಲ್‌ಗಳು, .ಪಿಸಿ ಫೈಲ್ ಇವುಗಳ ಜೊತೆ ಅದು ಬರುವುದು -ಡೆವ್ ಪ್ಯಾಕೇಜ್‌ನಲ್ಲಿ.

`ಸುಡೊ ಆಪ್ಟ್ ಇನ್‌ಸ್ಟಾಲ್ ಲಿಬ್‌ಎಸ್‌ಎಸ್‌ಎಲ್-ಡೆವ್ ಲಿಬ್‌ಎಸ್‌ಕ್ಯೂಲೈಟ್3-ಡೆವ್`

ಸಿಮ್‌ಲಿಂಕ್ ತಾನೇ, ಕೈಯಾರೆ ಮಾಡೋಣ ಅಂತ `ಎಲ್ಎನ್ -ಎಸ್` ಕೊಡುವ ಸಲಹೆ ಅಲ್ಲಲ್ಲಿ ಕಾಣುತ್ತೆ. ಮಾಡಬೇಡಿ. ಹೆಡರ್ ಬೇಕಾದ ಕ್ರೇಟ್ ಆಗಲೂ ಬೀಳುತ್ತೆ, ಮುಂದೆ ಆವೃತ್ತಿ ಬದಲಾದಾಗ ಆ ಕೊಂಡಿ ಯಾವ ಪ್ಯಾಕೇಜಿಗೂ ಸೇರದ ಅನಾಥ.

ಪ್ಯಾಕೇಜ್ ಬಂದಿದೆಯೇ ಎಂದು ಬಿಲ್ಡ್ ಮಾಡದೆಯೇ ಪರೀಕ್ಷಿಸಲು:

`ಪಿಕೆಜಿ-ಕಾನ್ಫಿಗ್ --ಮಾಡ್‌ವರ್ಷನ್ ಓಪನ್‌ಎಸ್‌ಎಸ್‌ಎಲ್ ಎಸ್‌ಕ್ಯೂಲೈಟ್3`

ಎರಡು ಆವೃತ್ತಿ ಸಂಖ್ಯೆ ಬಂದರೆ ಕ್ರೇಟ್‌ಗೂ ಕಾಣುತ್ತೆ.

ಹೆಸರಿನ ಕೊನೆಯಲ್ಲಿ "-ಸಿಸ್" ಇರುವ ಕ್ರೇಟ್ ಬಿದ್ದರೆ ನಿಮ್ಮ ರಸ್ಟ್ ಕೋಡ್ ಕಡೆ ತಿರುಗಿಯೂ ನೋಡಬೇಡಿ. ಅದು ಸಿ ಲೈಬ್ರರಿಗೆ ಹಾಕಿದ ಸೇತುವೆ. ಆಚೆ ದಡ ಇಲ್ಲ ಅಂತ ಅರ್ಥ.

ಶೆಲ್‌ಬಾಗಿಲು

ಯಾವ ಪ್ಯಾಕೇಜ್ ಎಂದು ಊಹಿಸುವ ಬದಲು ಫೈಲ್ ಹೆಸರಿನಿಂದಲೇ ಹುಡುಕಬಹುದು. ಡೆಬಿಯನ್‌ನಲ್ಲಿ ಆಪ್ಟ್-ಫೈಲ್ ಹಾಕಿ `ಸುಡೊ ಆಪ್ಟ್-ಫೈಲ್ ಅಪ್‌ಡೇಟ್`, ಆಮೇಲೆ `ಆಪ್ಟ್-ಫೈಲ್ ಸರ್ಚ್ ಅಲ್ಸಾ.ಪಿಸಿ` ಅಂದರೆ ಲಿಬ್‌ಎಸೌಂಡ್2-ಡೆವ್ ಎಂದು ಹೇಳುತ್ತೆ. ಈ ಹೆಸರನ್ನು ಊಹಿಸಿ ಹಿಡಿಯುವುದು ಕಷ್ಟ. ಫೆಡೋರಾದಲ್ಲಿ `ಡಿಎನ್‌ಎಫ್ ಪ್ರೊವೈಡ್ಸ್ "*/ಅಲ್ಸಾ.ಪಿಸಿ"`, ಆರ್ಚ್‌ನಲ್ಲಿ `ಪ್ಯಾಕ್‌ಮ್ಯಾನ್ -ಎಫ್` (ಎಫ್ ದೊಡ್ಡಕ್ಷರ). ಫೆಡೋರಾದ ಪ್ಯಾಕೇಜ್‌ಗಳಿಗೆ -ಡೆವ್ ಬದಲು -ಡೆವೆಲ್. ಆರ್ಚ್ ಹೀಗೆ ಎರಡು ಭಾಗ ಮಾಡುವುದೇ ಇಲ್ಲ, ಲೈಬ್ರರಿ ಹಾಕಿದರೆ ಹೆಡರ್ ಜೊತೆಗೇ ಬರುತ್ತೆ.

"ಲಿಬ್‌ಕ್ಲ್ಯಾಂಗ್ ಸಿಗುತ್ತಿಲ್ಲ" ಎಂಬುದು ಇದರ ಸೋದರಸಂಬಂಧಿ. ಸಿ ಹೆಡರ್‌ನಿಂದ ರಸ್ಟ್ ಕೋಡ್ ಹುಟ್ಟಿಸುವ ಬೈಂಡ್‌ಜೆನ್ ಬಳಸುವ ಕ್ರೇಟ್‌ಗಳಲ್ಲಿ ಬರುತ್ತೆ, ಲಿಬ್‌ಕ್ಲ್ಯಾಂಗ್-ಡೆವ್ ಹಾಕಿದರೆ ಮುಗಿಯಿತು.

ಅರೆಬಿಂದು

ಲೈಬ್ರರಿ ಎರಡೂ ಸರಿಹೋದವು. ಈಗ ಬಿಲ್ಡ್ ಸುಮಾರು ದೂರ ಹೋಗಿ "ಸಿಗ್ನಲ್: 9, ಸಿಗ್‌ಕಿಲ್" ಎಂದು ಸಾಯುತ್ತಿದೆ. ಒಂದು ಸಲ ಒಂದು ಕ್ರೇಟ್‌ನಲ್ಲಿ, ಮತ್ತೊಂದು ಸಲ ಇನ್ನೊಂದರಲ್ಲಿ. ಮತ್ತೊಮ್ಮೆ "ಕಲೆಕ್ಟ್2: ಎಲ್‌ಡಿ ಟರ್ಮಿನೇಟೆಡ್ ವಿತ್ ಸಿಗ್ನಲ್ 9" ಬಂತು. ಕಂಪೈಲರ್‌ನಲ್ಲೇ ಬಗ್ ಇರಬಹುದೇ?

ತಿಳಿನೀರು

ಪ್ರತಿ ಸಲ ಬೇರೆ ಜಾಗದಲ್ಲಿ ಬೀಳುತ್ತಿದೆ ಅಂದಾಗಲೇ ಬಗ್‌ನ ಅನುಮಾನ ಬಿಡಬಹುದು. ಮೆಮೊರಿ ಮುಗಿದು ಕರ್ನಲ್ ಕೊಲ್ಲುತ್ತಿದೆ. ಖಚಿತ ಮಾಡಿಕೊಳ್ಳಿ:

`ಸುಡೊ ಡಿಮೆಸೇಜ್ -ಟಿ | ಗ್ರೆಪ್ -ಐ "ಕಿಲ್ಡ್ ಪ್ರೊಸೆಸ್"`

ರಸ್ಟ್‌ಸಿ ಅಥವಾ ಎಲ್‌ಡಿ ಹೆಸರು ಕಂಡರೆ ಅದೇ. ಕಾರ್ಗೊ ತಾನಾಗಿ ಥ್ರೆಡ್ ಎಷ್ಟಿವೆಯೋ ಅಷ್ಟು ಕೆಲಸಗಳನ್ನು ಒಟ್ಟಿಗೆ ಹಚ್ಚುತ್ತೆ. 8 ಕಂಪೈಲರ್ ಪ್ರೊಸೆಸ್, 4 ಜಿಬಿ ರ‍್ಯಾಮ್, ಒಂದೊಂದರ ಪಾಲಿಗೆ ಅರ್ಧ ಜಿಬಿಯೂ ಇಲ್ಲ. ದೊಡ್ಡ ಕ್ರೇಟ್ ಒಂದೇ ಅದನ್ನು ನುಂಗಿಬಿಡುತ್ತೆ.

ಮೊದಲ ಮದ್ದು `ಕಾರ್ಗೊ ಬಿಲ್ಡ್ -ಜೆ 2`, ಅದೂ ಬಿದ್ದರೆ -ಜೆ 1. ಇದು ಕಂಪೈಲ್ ಹಂತಕ್ಕೆ. ಎಲ್‌ಡಿ ಸಾಯುತ್ತಿರುವ ಕಡೆ -ಜೆ ಇಳಿಸಿದರೆ ಅಷ್ಟು ಪ್ರಯೋಜನ ಇಲ್ಲ, ಏಕೆಂದರೆ ಕೊನೆಯ ಲಿಂಕ್ ಹೇಗೂ ಒಂದೇ ಪ್ರೊಸೆಸ್. ಅಲ್ಲಿ ಭಾರ ಇರುವುದು ಡೀಬಗ್ ಮಾಹಿತಿಯಲ್ಲಿ. ಕಾರ್ಗೊ.ಟಾಮ್ಲ್‌ನಲ್ಲಿ ಹೀಗೆ ಸೇರಿಸಿ:

`[ಪ್ರೊಫೈಲ್.ಡೆವ್]`
`ಡೀಬಗ್ = "ಲೈನ್-ಟೇಬಲ್ಸ್-ಓನ್ಲಿ"`
`[ಪ್ರೊಫೈಲ್.ಡೆವ್.ಪ್ಯಾಕೇಜ್."*"]`
`ಡೀಬಗ್ = ಫಾಲ್ಸ್`

ಪ್ಯಾನಿಕ್ ಆದಾಗ ನಿಮ್ಮ ಕೋಡ್‌ನ ಫೈಲ್ ಹೆಸರು, ಸಾಲಿನ ಸಂಖ್ಯೆ ಎರಡೂ ಸಿಗುತ್ತವೆ. ಡೀಬಗರ್‌ನಲ್ಲಿ ವೇರಿಯಬಲ್ ಬೆಲೆಗಳು ಮಾತ್ರ ಕಾಣುವುದಿಲ್ಲ. ಟಾರ್ಗೆಟ್ ಡೈರೆಕ್ಟರಿಯ ಗಾತ್ರವೂ ಚೆನ್ನಾಗಿ ಇಳಿಯುತ್ತೆ.

ಸ್ವಾಪ್ ಇಲ್ಲದೆ 4 ಜಿಬಿಯಲ್ಲಿ ರಸ್ಟ್ ಕಟ್ಟುವುದು ಹಗ್ಗದ ಮೇಲಿನ ನಡಿಗೆ. 4 ಜಿಬಿ ಸ್ವಾಪ್ ಫೈಲ್ ಮಾಡಿ:

`ಸುಡೊ ಎಫ್‌ಅಲೊಕೇಟ್ -ಎಲ್ 4ಜಿ /ಸ್ವಾಪ್‌ಫೈಲ್`
`ಸುಡೊ ಸಿಎಚ್‌ಮಾಡ್ 600 /ಸ್ವಾಪ್‌ಫೈಲ್`
`ಸುಡೊ ಎಂಕೆಸ್ವಾಪ್ /ಸ್ವಾಪ್‌ಫೈಲ್`
`ಸುಡೊ ಸ್ವಾಪ್‌ಆನ್ /ಸ್ವಾಪ್‌ಫೈಲ್`

ರೀಬೂಟ್ ಆದ ಮೇಲೂ ಉಳಿಯಬೇಕಾದರೆ /ಇಟಿಸಿ/ಎಫ್‌ಎಸ್‌ಟ್ಯಾಬ್‌ಗೆ `/ಸ್ವಾಪ್‌ಫೈಲ್ ನನ್ ಸ್ವಾಪ್ ಎಸ್‌ಡಬ್ಲ್ಯು 0 0` ಸಾಲು. ಇದು ಎಕ್ಸ್‌ಟಿ4ಗೆ. ಬಿಟಿಆರ್‌ಎಫ್‌ಎಸ್ ಇದ್ದರೆ ಎಫ್‌ಅಲೊಕೇಟ್ ಹಾದಿ ಹಿಡಿಯಬೇಡಿ, ಅದಕ್ಕೆ `ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಮ್ ಎಂಕೆಸ್ವಾಪ್‌ಫೈಲ್` ಎಂಬ ಬೇರೆಯೇ ಕಮಾಂಡ್ ಇದೆ.

ಹಳೇಕರ್ನಲ್

ಇದಕ್ಕೆ ಹೊಂದಿಕೊಂಡ ಒಂದು ಸೂಚನೆ. ಹೀಗೆ ಬಿದ್ದಾಗ ಸುಡೊ ಕಾರ್ಗೊ ಬಿಲ್ಡ್ ಕೊಟ್ಟು ನೋಡೋಣ ಅನ್ನುವ ಯೋಚನೆ ಬರುತ್ತೆ. ರೂಟ್ ಆದರೂ ರ‍್ಯಾಮ್ ಹೆಚ್ಚುವುದಿಲ್ಲ, ಟಾರ್ಗೆಟ್ ಒಳಗಿನ ಫೈಲ್‌ಗಳು ರೂಟ್ ಪಾಲಾಗಿ ಮುಂದಿನ ಮಾಮೂಲಿ ಬಿಲ್ಡ್ "ಪರ್ಮಿಷನ್ ಡಿನೈಡ್, ಒಎಸ್ ಎರರ್ 13" ಅನ್ನುತ್ತೆ. ಆಗಲೇ ಕೊಟ್ಟುಬಿಟ್ಟಿದ್ದರೆ:

`ಸುಡೊ ಸಿಎಚ್‌ಓನ್ -ಆರ್ "$ಯೂಸರ್": ~/.ಕಾರ್ಗೊ ಟಾರ್ಗೆಟ್`

ಇಲ್ಲಿ ಆರ್ ದೊಡ್ಡಕ್ಷರ, ಮೇಲೆ ಹ್ಯಾಶ್‌ಗೆ ಹೇಳಿದ್ದು ಸಣ್ಣಕ್ಷರ.

ಎರರ್ 13ಕ್ಕೆ ಇನ್ನೊಂದು ಕಾರಣವೂ ಉಂಟು. ಪ್ರಾಜೆಕ್ಟ್ ಇರುವ ಡಿಸ್ಕ್ ನೋಎಕ್ಸೆಕ್ ಆಗಿ ಮೌಂಟ್ ಆಗಿದ್ದರೆ ಬಿಲ್ಡ್ ಸ್ಕ್ರಿಪ್ಟ್ ಕಂಪೈಲ್ ಆಗುತ್ತೆ, ಓಡುವುದಿಲ್ಲ. ಎರರ್‌ನಲ್ಲಿ "ಬಿಲ್ಡ್-ಸ್ಕ್ರಿಪ್ಟ್-ಬಿಲ್ಡ್" ಮತ್ತು "ನೆವರ್ ಎಕ್ಸಿಕ್ಯೂಟೆಡ್" ಎರಡೂ ಕಂಡರೆ `ಫೈಂಡ್‌ಎಂಎನ್‌ಟಿ -ಟಿ .` (ಕೊನೆಯ ಟಿ ದೊಡ್ಡಕ್ಷರ) ಕೊಟ್ಟು ನೋಡಿ. ಕಾರ್ಗೊ_ಟಾರ್ಗೆಟ್_ಡಿರ್ ಎನ್ನುವ ವೇರಿಯಬಲ್ ಅನ್ನು ಹೋಮ್ ಒಳಗಿನ ಜಾಗಕ್ಕೆ ತೋರಿಸಿದರೆ ಸರಿಹೋಗುತ್ತೆ.

ಅರೆಬಿಂದು

ಸ್ವಾಪ್ ಹಾಕಿ -ಜೆ 2 ಕೊಟ್ಟೆ, ರಿಲೀಸ್ ಬಿಲ್ಡ್ ಕೂಡ ಮುಗಿಯಿತು. ಇಲ್ಲಿ ಓಡುತ್ತಿದೆ. ಅದೇ ಫೈಲನ್ನು ಉಬುಂಟು 20.04 ಇರುವ ಸರ್ವರ್‌ಗೆ ನಕಲು ಮಾಡಿದರೆ "ವರ್ಷನ್ ಜಿಲಿಬ್‌ಸಿ_2.34 ನಾಟ್ ಫೌಂಡ್". ಸರ್ವರ್‌ನ ಒಎಸ್ ಬದಲಿಸುವ ಅಧಿಕಾರ ಇಲ್ಲ. ರಸ್ಟ್ ಪ್ರೋಗ್ರಾಂ ಎಂದರೆ ಒಂದೇ ಫೈಲ್, ಎಲ್ಲಿಗೆ ಬೇಕಾದರೂ ಒಯ್ಯಬಹುದು ಎಂದಲ್ಲವೇ?

ಕೊಂಡಿಗಾರ

ಅರ್ಧ ನಿಜ. ರಸ್ಟ್ ಕ್ರೇಟ್‌ಗಳೆಲ್ಲ ಒಳಗೇ ಸೇರಿಕೊಳ್ಳುತ್ತವೆ. ಜಿಲಿಬ್‌ಸಿ (ಈ ಡಿಸ್ಟ್ರೊಗಳ ಲಿಬ್‌ಸಿ), ಓಪನ್‌ಎಸ್‌ಎಸ್‌ಎಲ್‌ನಂಥ ಸಿ ಲೈಬ್ರರಿಗಳು ಹೊರಗೇ ಉಳಿಯುತ್ತವೆ, ಓಡುವಾಗ ಆ ಮಷಿನ್‌ನವನ್ನೇ ಹಿಡಿಯುತ್ತೆ. ಡೆಬಿಯನ್ 12ರಲ್ಲಿ ಜಿಲಿಬ್‌ಸಿ 2.36, ಉಬುಂಟು 20.04ರಲ್ಲಿ 2.31. ಹಳೆಯದರಲ್ಲಿ ಕಟ್ಟಿದ್ದು ಹೊಸದರಲ್ಲಿ ಓಡುತ್ತೆ, ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ಓಡುವ ಖಾತ್ರಿ ಇಲ್ಲ.

2.36ರಲ್ಲಿ ಕಟ್ಟಿದರೂ ಎರರ್ 2.34 ಎಂದು ಹೇಳುತ್ತಿರುವುದನ್ನು ಗಮನಿಸಿ. 2.34ರಲ್ಲಿ ಪಿಥ್ರೆಡ್ ಮುಂತಾದ ಬಿಡಿ ಲೈಬ್ರರಿಗಳನ್ನು ಲಿಬ್‌ಸಿ ಒಳಗೇ ಸೇರಿಸಿದರು. ಪ್ರೋಗ್ರಾಂ ಶುರು ಮಾಡುವ ಫಂಕ್ಷನ್‌ಗೂ ಆಗ ಹೊಸ ಆವೃತ್ತಿಯ ಗುರುತು ಬಿತ್ತು. ಹಾಗಾಗಿ ಆ ಗೆರೆಯ ಈಚೆ ಕಟ್ಟಿದ ಹಲೋ ವರ್ಲ್ಡ್ ಕೂಡ 2.34 ಕೇಳುತ್ತೆ. ನಿಮ್ಮ ಕೋಡ್ ತಿದ್ದಿ ಇದರಿಂದ ಪಾರಾಗಲು ಆಗುವುದಿಲ್ಲ.

ಹೊಸ ಲಿಬ್‌ಸಿ.ಎಸ್‌ಒ.6 ಅನ್ನು ಸರ್ವರ್‌ನ ಸಿಸ್ಟಮ್ ಡೈರೆಕ್ಟರಿಗೆ ನಕಲು ಮಾಡುವ ಸಾಹಸ ಮಾತ್ರ ಬೇಡ. ಡೈನಮಿಕ್ ಲೋಡರ್ ಒಂದು ಆವೃತ್ತಿ, ಲಿಬ್‌ಸಿ ಇನ್ನೊಂದು ಆದರೆ ಎಲ್‌ಎಸ್ ಕೂಡ ಓಡುವುದಿಲ್ಲ, ಎಸ್‌ಎಸ್‌ಎಚ್ ಮೂಲಕ ಮತ್ತೆ ಒಳಗೆ ಹೋಗಿ ಸರಿಪಡಿಸಲೂ ಆಗುವುದಿಲ್ಲ.

ಸುಲಭದ ದಾರಿ, ಡೆಬಿಯನ್ 11ರ ಕಂಟೈನರ್‌ನಲ್ಲಿ ಬಿಲ್ಡ್ ಮಾಡುವುದು. ಅಲ್ಲೂ 2.31 ಇದೆ. ರಸ್ಟಪ್‌ನ ಟೂಲ್‌ಚೈನ್‌ಗೆ ಜಿಲಿಬ್‌ಸಿ 2.17 ಇದ್ದರೆ ಸಾಕು, ಹಾಗಾಗಿ ಹೊಸ ಕಂಪೈಲರ್ ಆ ಹಳೆಯ ಕಂಟೈನರ್‌ನಲ್ಲಿ ನಿರಾಳವಾಗಿ ಓಡುತ್ತೆ. ಓಪನ್‌ಎಸ್‌ಎಸ್‌ಎಲ್ ಲೆಕ್ಕವೂ ಅಲ್ಲಿ ತಾನಾಗಿ ಸರಿಹೋಗುತ್ತೆ: ಡೆಬಿಯನ್ 12ರದು 3 ಸರಣಿ, ಸರ್ವರ್‌ನದು 1.1.1, ಡೆಬಿಯನ್ 11ರದೂ 1.1.1.

ತಿಳಿನೀರು

ಮಸಲ್ ಎಂಬ ಇನ್ನೊಂದು ಲಿಬ್‌ಸಿ ಇರುವುದನ್ನು ಹೇಳಲೇ ಇಲ್ಲವಲ್ಲ.

`ರಸ್ಟಪ್ ಟಾರ್ಗೆಟ್ ಆಡ್ ಎಕ್ಸ್86_64-ಅನ್‌ನೋನ್-ಲಿನಕ್ಸ್-ಮಸಲ್`
`ಕಾರ್ಗೊ ಬಿಲ್ಡ್ --ರಿಲೀಸ್ --ಟಾರ್ಗೆಟ್ ಎಕ್ಸ್86_64-ಅನ್‌ನೋನ್-ಲಿನಕ್ಸ್-ಮಸಲ್`

ಲಿಬ್‌ಸಿ ಕೂಡ ಒಳಗೇ ಸೇರುತ್ತೆ. ಆಗ ನಿಜವಾಗಿಯೂ ಒಂದೇ ಫೈಲ್.

ಕೊಂಡಿಗಾರ

ಶುದ್ಧ ರಸ್ಟ್ ಪ್ರಾಜೆಕ್ಟ್ ಆಗಿದ್ದರೆ ನನ್ನ ಮೊದಲ ಉತ್ತರವೂ ಅದೇ ಆಗಿರುತ್ತಿತ್ತು. ಇವರದರಲ್ಲಿ ಓಪನ್‌ಎಸ್‌ಎಸ್‌ಎಲ್, ಎಸ್‌ಕ್ಯೂಲೈಟ್ ಇವೆ. ಆಪ್ಟ್‌ನ -ಡೆವ್ ಪ್ಯಾಕೇಜ್‌ಗಳು ಜಿಲಿಬ್‌ಸಿಗಾಗಿ ಕಟ್ಟಿದವು, ಮಸಲ್‌ಗೆ ಒಗ್ಗುವುದಿಲ್ಲ. ಮಸಲ್-ಟೂಲ್ಸ್ ಪ್ಯಾಕೇಜ್ ಹಾಕಬೇಕು, ರಸ್ಕ್ಯೂಲೈಟ್ ಕ್ರೇಟ್‌ಗೆ "ಬಂಡಲ್ಡ್" ಫೀಚರ್ ಕೊಟ್ಟು ಎಸ್‌ಕ್ಯೂಲೈಟ್‌ನ ಸಿ ಕೋಡನ್ನು ಅಲ್ಲೇ ಕಟ್ಟಿಸಬೇಕು, ಓಪನ್‌ಎಸ್‌ಎಸ್‌ಎಲ್‌ಗೆ "ವೆಂಡರ್ಡ್" ಕೊಡಬೇಕು ಇಲ್ಲವೇ ಅದರ ಬದಲು ರಸ್ಟ್‌ನಲ್ಲೇ ಬರೆದ ರಸ್ಟ್‌ಎಲ್‌ಎಸ್‌ಗೆ ಹೋಗಬೇಕು. ಇಷ್ಟೆಲ್ಲ ಆದ ಮೇಲೂ, ಹಲವು ಥ್ರೆಡ್‌ಗಳು ಒಟ್ಟಿಗೆ ಮೆಮೊರಿ ಕೇಳುವ ಸರ್ವರ್ ಪ್ರೋಗ್ರಾಂಗಳಲ್ಲಿ ಮಸಲ್‌ನ ಅಲೊಕೇಟರ್ ನಿಧಾನ. ಬೇರೆ ಅಲೊಕೇಟರ್ ಕೂರಿಸಬೇಕಾಗುತ್ತೆ.

ಅರೆಬಿಂದು

ಡೆಬಿಯನ್ 11ರ ಕಂಟೈನರ್‌ನಲ್ಲಿ ಬಿಲ್ಡ್ ಮಾಡಿ ಒಯ್ದೆ, ಸರ್ವರ್‌ನಲ್ಲಿ ಓಡಿತು. ಟಾರ್ಗೆಟ್ ಡೈರೆಕ್ಟರಿಯನ್ನು ಕಂಟೈನರ್ ಜೊತೆ ಹಂಚಿಕೊಂಡಿದ್ದರಿಂದ ಒಮ್ಮೆ "ಜಿಲಿಬ್‌ಸಿ ಸಿಗುತ್ತಿಲ್ಲ" ಎಂಬ ಎರರ್ ಬಿಲ್ಡ್ ನಡುವೆಯೇ ಬಂತು. ಕಾರ್ಗೊ ಕ್ಲೀನ್ ಕೊಟ್ಟ ಮೇಲೆ ಹೋಯಿತು.

ಕೊನೆಯದೊಂದು. ಎಡಿಟರ್ ತೆರೆದಿರುವಾಗ ಟರ್ಮಿನಲ್‌ನಲ್ಲಿ ಕಾರ್ಗೊ ಕೊಟ್ಟರೆ "ಬ್ಲಾಕಿಂಗ್ ವೇಟಿಂಗ್ ಫಾರ್ ಫೈಲ್ ಲಾಕ್ ಆನ್ ಬಿಲ್ಡ್ ಡೈರೆಕ್ಟರಿ" ಎಂದು ನಿಲ್ಲುತ್ತೆ.

ಕೊಂಡಿಗಾರ

ಆ ಜಿಲಿಬ್‌ಸಿ ಎರರ್‌ಗೆ ಕಾರಣ, ಹೊರಗೆ 2.36ರಲ್ಲಿ ಕಟ್ಟಿದ ಬಿಲ್ಡ್ ಸ್ಕ್ರಿಪ್ಟ್‌ಗಳನ್ನು ಕಂಟೈನರ್ ಒಳಗೆ ಓಡಿಸಲು ಹೋದದ್ದು. ಕಂಟೈನರ್‌ಗೆ ಬೇರೆಯೇ ಟಾರ್ಗೆಟ್ ಡೈರೆಕ್ಟರಿ ಕೊಡಿ, ಪ್ರತಿ ಸಲ ಕ್ಲೀನ್ ಮಾಡುವುದು ತಪ್ಪುತ್ತೆ.

ಶೆಲ್‌ಬಾಗಿಲು

ಲಾಕ್ ಹಿಡಿದಿರುವುದು ಎಡಿಟರ್‌ಗೆ ರಸ್ಟ್ ನೆರವು ಕೊಡುವ ರಸ್ಟ್-ಅನಲೈಸರ್. ನೀವು ಫೈಲ್ ಉಳಿಸಿದಾಗೆಲ್ಲ ಅದು ಹಿಂದಿನಿಂದ ಕಾರ್ಗೊ ಚೆಕ್ ಓಡಿಸುತ್ತೆ, ಮುಗಿಯುವವರೆಗೆ ಟಾರ್ಗೆಟ್ ಅದರ ವಶ. ಎಡಿಟರ್ ಸೆಟ್ಟಿಂಗ್‌ನಲ್ಲಿ `ರಸ್ಟ್-ಅನಲೈಸರ್.ಕಾರ್ಗೊ.ಟಾರ್ಗೆಟ್‌ಡಿರ್` ಅನ್ನು `ಟ್ರೂ` ಮಾಡಿದರೆ ಅದು ಟಾರ್ಗೆಟ್ ಒಳಗೆ ತನ್ನದೇ ಉಪಡೈರೆಕ್ಟರಿ ಮಾಡಿಕೊಳ್ಳುತ್ತೆ. ಬದಲಿಗೆ ಡಿಸ್ಕ್ ಜಾಗ ಹೆಚ್ಚು ಹೋಗುತ್ತೆ. ನಿಮ್ಮ 4 ಜಿಬಿಯಲ್ಲಿ ಬಿಲ್ಡ್ ಮತ್ತು ಚೆಕ್ ಎರಡೂ ಒಟ್ಟಿಗೆ ಓಡಿದರೆ ಮತ್ತೆ ಸಿಗ್ನಲ್ 9 ಬರುವ ಸಂಭವವೂ ಇದೆ. ದೊಡ್ಡ ರಿಲೀಸ್ ಬಿಲ್ಡ್ ಹಚ್ಚುವಾಗ ಎಡಿಟರ್ ಮುಚ್ಚಿಬಿಡಿ.